ಒಂದೇ ಕೋಡ್: ಐಫೋನ್‌ನಲ್ಲಿ ಅಕ್ಷರ ಸರಿ, ಆಂಡ್ರಾಯ್ಡ್‌ನಲ್ಲಿ ಒತ್ತಕ್ಷರ ಅರ್ಧ ಮಾಯ. ಯಾಕೆ?

ಹೊಂಗೆಮರ

ಎಲ್ಲರಿಗೂ ನಮಸ್ಕಾರ. ಹಳ್ಳಿಯ ಹಾಲಿನ ಸೊಸೈಟಿಗಳಿಗೆ ಒಂದು ಆಪ್ ಮಾಡುತ್ತಿದ್ದೇವೆ. ಬೆಳಿಗ್ಗೆ, ಸಂಜೆ ಎಷ್ಟು ಲೀಟರ್ ಹಾಲು ಹಾಕಿದರು, ಫ್ಯಾಟ್ ಎಷ್ಟು ಬಂತು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಘನಾಂಶ) ಎಷ್ಟು, ಬಟವಾಡೆಯಲ್ಲಿ ಪಶು ಆಹಾರಕ್ಕೆ ಎಷ್ಟು ಮುರಿದುಕೊಂಡರು, ಇವೆಲ್ಲ ರೈತರಿಗೆ ಫೋನಿನಲ್ಲೇ ಕಾಣಬೇಕು. ರಿಯಾಕ್ಟ್ ನೇಟಿವ್‌ನಲ್ಲಿ ಬರೆದಿದ್ದೇವೆ. ಐಫೋನ್‌ಗೂ ಆಂಡ್ರಾಯ್ಡ್‌ಗೂ ಒಂದೇ ಕೋಡ್.

ಆಪ್ ಪೂರ್ತಿ ಕನ್ನಡದಲ್ಲಿದೆ. ಐಫೋನ್‌ನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ಅಕ್ಷರದ ಕೆಳಭಾಗ ಕತ್ತರಿಸಿಹೋಗುತ್ತಿದೆ. "ಒಟ್ಟು ಮೊತ್ತ" ಅಂತ ಬರೆದರೆ ಟಕಾರದ ಒತ್ತು ಅರ್ಧ ಮಾತ್ರ ಕಾಣುತ್ತದೆ, ತಕಾರದ ಒತ್ತು ಒಂದು ಗೆರೆಯ ಹಾಗೆ ಉಳಿಯುತ್ತದೆ. ದೂರದಿಂದ ನೋಡಿದರೆ "ಒಟು ಮೊತ". ಸದಸ್ಯರ ಪಟ್ಟಿಯಲ್ಲಿ ಪುಟ್ಟಮ್ಮ ಇದ್ದದ್ದು "ಪುಟಮ" ಆಗಿದೆ. ಜನರ ಹೆಸರು ಹೀಗೆ ತೋರಿಸಿ ಆಪ್ ಕೊಡಲು ನನಗೆ ಮನಸ್ಸಿಲ್ಲ.

ಇನ್ನೂ ಕೆಲವು ಇವೆ. ದಪ್ಪ ಅಕ್ಷರ ಆಂಡ್ರಾಯ್ಡ್‌ನಲ್ಲಿ ಮಸಿ ಹರಡಿದ ಹಾಗೆ ಕಾಣುತ್ತದೆ. ಕಾರ್ಡಿನ ನೆರಳು ಒಂದರಲ್ಲಿ ಇದೆ, ಇನ್ನೊಂದರಲ್ಲಿ ಇಲ್ಲ. ಆದರೆ ಮೊದಲು ಒತ್ತಕ್ಷರದ್ದು ಬಗೆಹರಿಯಬೇಕು. ಹಿಂದಿನ ಆವೃತ್ತಿಯಲ್ಲಿ ಇಷ್ಟು ಇರಲಿಲ್ಲ ಅನ್ನುವುದು ಇನ್ನೂ ವಿಚಿತ್ರ. ಸ್ಟೈಲ್ ಫೈಲ್ ಯಾರೂ ಮುಟ್ಟಿಲ್ಲ.

ಹಳೇಬಸ್‌ಸ್ಟ್ಯಾಂಡ್

ನಾಲ್ಕು ವಿಷಯ ಹೇಳಿ. ಫಾಂಟ್ ಯಾವುದು? ಫಾಂಟ್‌ಸೈಜ್, ಲೈನ್‌ಹೈಟ್ (ಒಂದು ಸಾಲಿಗೆ ಕೊಟ್ಟ ಎತ್ತರ) ಎಷ್ಟೆಷ್ಟು? ಬಟನ್‌ಗೆ ಹೈಟ್ ಕಟ್ಟಿಹಾಕಿದ್ದೀರಾ? ಕೊನೆಯ ಬಿಡುಗಡೆಯಲ್ಲಿ ಟಾರ್ಗೆಟ್ ಎಸ್‌ಡಿಕೆ (ಆಪ್ ಯಾವ ಆಂಡ್ರಾಯ್ಡ್ ಆವೃತ್ತಿಗೆ ಅಂತ ಹೇಳುವ ಅಂಕಿ) ಏರಿಸಿದ್ದೀರಾ?

ಹೊಂಗೆಮರ

ಫಾಂಟ್ ಪಾಪಿನ್ಸ್. ಡಿಸೈನ್‌ನಲ್ಲಿ ಅದೇ ಇತ್ತು. ಸೈಜ್ 16, ಲೈನ್‌ಹೈಟ್ 20. ಬಟನ್ ಹೈಟ್ 40. ಇನ್‌ಕ್ಲೂಡ್‌ಫಾಂಟ್‌ಪ್ಯಾಡಿಂಗ್ ಎಲ್ಲ ಕಡೆ ಫಾಲ್ಸ್. ಟಾರ್ಗೆಟ್ ಎಸ್‌ಡಿಕೆ ಹೌದು, 34ರಿಂದ 35ಕ್ಕೆ ಏರಿಸಿದೆವು. ಪ್ಲೇ ಸ್ಟೋರ್‌ನಲ್ಲಿ ಅಪ್‌ಡೇಟ್ ಹಾಕಬೇಕೆಂದರೆ ಅದು ಬೇಕೇ ಬೇಕು ಅಲ್ವಾ? ಅದಕ್ಕೂ ಅಕ್ಷರಕ್ಕೂ ಏನು ಸಂಬಂಧ?

ಹಳೇಬಸ್‌ಸ್ಟ್ಯಾಂಡ್

ನೇರ ಸಂಬಂಧ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಇದನ್ನು ಎಲ್ಲೂ ಬಿಡಿಸಿ ಬರೆದಿದ್ದು ನಾನು ನೋಡಿಲ್ಲ.

ಮೊದಲು ಪಾಪಿನ್ಸ್ ವಿಷಯ. ಅದರಲ್ಲಿ ಇಂಗ್ಲಿಷ್ ಅಕ್ಷರ ಇದೆ, ದೇವನಾಗರಿ ಇದೆ, ಕನ್ನಡ ಇಲ್ಲ. ಹಾಗಾದರೆ ನಿಮ್ಮ ಆಪ್‌ನಲ್ಲಿ ಕನ್ನಡ ಹೇಗೆ ಕಾಣುತ್ತಿದೆ? ಫೋನು ತನ್ನಲ್ಲಿರುವ ಕನ್ನಡ ಫಾಂಟ್‌ನಿಂದ ಅಕ್ಷರ ತಂದು ಹಾಕುತ್ತಿದೆ. ಇದಕ್ಕೆ ಫಾಲ್‌ಬ್ಯಾಕ್ ಅನ್ನುತ್ತಾರೆ. ಐಫೋನ್ ತರುವುದು ಆಪಲ್‌ನವರು ಒಳಗೆ ಹಾಕಿದ ಫಾಂಟ್. ಆಂಡ್ರಾಯ್ಡ್ ತರುವುದು ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡ. ಎರಡರಲ್ಲೂ ಅಕ್ಷರದ ಎತ್ತರ ಬೇರೆ, ಒತ್ತು ಕೆಳಗೆ ಇಳಿಯುವ ಆಳ ಬೇರೆ. ಒಂದೇ 16 ಕೊಟ್ಟರೂ ಕಣ್ಣಿಗೆ ಕಾಣುವ ಗಾತ್ರ ಒಂದೇ ಅಲ್ಲ. ನೀವು ಒಂದೇ ಫಾಂಟ್ ಬಳಸಿದ್ದೇವೆ ಅಂದುಕೊಂಡಿದ್ದೀರಿ, ಕನ್ನಡದ ಮಟ್ಟಿಗೆ ನಿಜವಾಗಿ ಎರಡು ಇವೆ.

ಈಗ ಲೈನ್‌ಹೈಟ್. 16ಕ್ಕೆ 20 ಅಂದರೆ ಒಂದೂಕಾಲು ಪಟ್ಟು. ಇಂಗ್ಲಿಷಿಗೆ ಧಾರಾಳ ಸಾಕು. ಅಲ್ಲಿ ಅಕ್ಷರದಿಂದ ಕೆಳಗೆ ಇಳಿಯುವುದು ಜಿ, ವೈ, ಪಿ ಥರದ ಕೆಲವು ಬಾಲಗಳು ಮಾತ್ರ. ನಮ್ಮಲ್ಲಿ ಒಂದು ಅಕ್ಷರದ ಕೆಳಗೆ ಇನ್ನೊಂದು ಪೂರ್ತಿ ಅಕ್ಷರವೇ ಕೂರಬೇಕು. "ಸ್ತ್ರೀ" ತೆಗೆದುಕೊಳ್ಳಿ. ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ತಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಇದು 20ರಲ್ಲಿ ಹಿಡಿಸುವುದಿಲ್ಲ. ಲೈನ್‌ಹೈಟ್ ಕೊಡದೆ ಬಿಟ್ಟಿದ್ದರೆ ಆಂಡ್ರಾಯ್ಡ್ 9ರಿಂದ ಈಚೆಗೆ ಫಾಲ್‌ಬ್ಯಾಕ್ ಫಾಂಟ್‌ನ ಎತ್ತರ ನೋಡಿ ಸಾಲನ್ನು ತಾನೇ ಹಿಗ್ಗಿಸುತ್ತದೆ. ನೀವು 20 ಅಂತ ಕಟ್ಟಿಹಾಕಿದ ಮೇಲೆ ಅದಕ್ಕೆ ಹಿಗ್ಗಲು ದಾರಿಯಿಲ್ಲ. ಟೆಕ್ಸ್ಟ್ ಚೌಕದ ಆಚೆ ಹೋದದ್ದನ್ನು ಕತ್ತರಿಸುತ್ತದೆ.

ಇನ್ನು ಹಿಂದಿನ ಆವೃತ್ತಿಯಲ್ಲಿ ಯಾಕೆ ಪರವಾಗಿರಲಿಲ್ಲ ಅನ್ನುವುದು. ಆಂಡ್ರಾಯ್ಡ್‌ನಲ್ಲಿ ಕನ್ನಡ, ತೆಲುಗು, ತಮಿಳು, ಮಲಯಾಳಂ ಥರದ ಲಿಪಿಗಳಿಗೆ ಬಹಳ ಕಾಲ ಎರಡು ರೂಪ ಇತ್ತು. ಒಂದು ಪೂರ್ತಿ ಎತ್ತರದ್ದು. ಇನ್ನೊಂದು ಕುಗ್ಗಿಸಿದ್ದು. ಇಂಗ್ಲಿಷ್ ಅಳತೆಯ ಸಾಲಿನಲ್ಲಿ ಹಿಡಿಸಲಿ ಅಂತ ಒತ್ತು, ಗುಣಿತ ಎಲ್ಲ ಒತ್ತಿ ಕೂರಿಸಿದ ರೂಪ. ಬಟನ್, ಲೇಬಲ್‌ಗಳಲ್ಲಿ ನಾವು ಇಷ್ಟು ವರ್ಷ ನೋಡುತ್ತಿದ್ದದ್ದು ಈ ಎರಡನೆಯದು. ಪೂರ್ತಿ ರೂಪ ಬೇಕು ಅಂದರೆ ಎಲಿಗೆಂಟ್ ಟೆಕ್ಸ್ಟ್ ಹೈಟ್ ಅನ್ನುವುದನ್ನು ಕೇಳಿ ಹಾಕಿಕೊಳ್ಳಬೇಕಿತ್ತು. ಅದು ಆಂಡ್ರಾಯ್ಡ್ 5ರಿಂದ ಇದೆ. ಹೆಚ್ಚಿನವರಿಗೆ ಅದು ಇರುವುದೇ ಗೊತ್ತಿರಲಿಲ್ಲ.

2024ರಲ್ಲಿ ಆಂಡ್ರಾಯ್ಡ್ 15 ಬಂತು. ಟಾರ್ಗೆಟ್ 35 ಇರುವ ಆಪ್‌ಗಳಿಗೆ ಇದನ್ನು ತಾನಾಗಿಯೇ ಟ್ರೂ ಮಾಡಿದರು. 2025ರ ಆಂಡ್ರಾಯ್ಡ್ 16ರಲ್ಲಿ, ಟಾರ್ಗೆಟ್ 36 ಆದರೆ, ಆ ಸೆಟ್ಟಿಂಗ್ ಕೊಟ್ಟರೂ ಲೆಕ್ಕಕ್ಕಿಲ್ಲ. ಕುಗ್ಗಿಸಿದ ಫಾಂಟ್‌ಗಳನ್ನೇ ನಿಲ್ಲಿಸುತ್ತಿದ್ದಾರೆ. ಗೂಗಲ್‌ನವರ ದಾಖಲೆಯಲ್ಲಿ ಯಾವ ಯಾವ ಲಿಪಿಗೆ ಲೇಔಟ್ ತಿದ್ದಿಕೊಳ್ಳಬೇಕು ಅಂತ ಪಟ್ಟಿ ಇದೆ, ಅದರಲ್ಲಿ ಕನ್ನಡದ ಹೆಸರೂ ಇದೆ. ಅದಕ್ಕೇ ಯಾರೂ ಸ್ಟೈಲ್ ಮುಟ್ಟದೆ ನಿಮ್ಮ ಅಕ್ಷರ ಒಂದು ಬಿಡುಗಡೆಯಿಂದ ಇನ್ನೊಂದಕ್ಕೆ ಎತ್ತರವಾದದ್ದು. ಪೆಟ್ಟಿಗೆ ಮಾತ್ರ ಹಳೆಯದೇ ಉಳಿಯಿತು.

ನನ್ನನ್ನು ಕೇಳಿದರೆ ಇದು ಒಳ್ಳೆಯ ಬದಲಾವಣೆ. ಕನ್ನಡ ತನ್ನ ನಿಜವಾದ ಎತ್ತರದಲ್ಲಿ ಕಾಣಬೇಕು. ಪೆಟ್ಟಿಗೆಯನ್ನು ನಾವು ದೊಡ್ಡದು ಮಾಡಬೇಕು.

ಮಾಡಬೇಕಾದದ್ದು ಇಷ್ಟು. ಕನ್ನಡ ಫಾಂಟ್ ಒಂದನ್ನು ಆಪ್ ಒಳಗೇ ಹಾಕಿ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ 2, ಎಲ್ಲವೂ ಮುಕ್ತ ಪರವಾನಗಿಯವು, ದುಡ್ಡು ಕೊಡಬೇಕಿಲ್ಲ. ಆಗ ಎರಡೂ ಫೋನಿನಲ್ಲಿ ಅಕ್ಷರ ಒಂದೇ ಆಗುತ್ತದೆ, ಅಳತೆ ಒಂದೇ ಆಗುತ್ತದೆ. ಲೈನ್‌ಹೈಟ್ ಒಂದೂವರೆ ಪಟ್ಟಿಗಿಂತ ಕಡಿಮೆ ಬೇಡ. 16ಕ್ಕೆ 26 ಇಟ್ಟು ನೋಡಿ, ಆಮೇಲೆ ಕಣ್ಣಳತೆಯಲ್ಲಿ ಇಳಿಸಿ. ಬಟನ್‌ನ ಹೈಟ್ ತೆಗೆದು ಮಿನ್‌ಹೈಟ್ (ಕನಿಷ್ಠ ಎತ್ತರ) ಮಾಡಿ, ಮೇಲೆ ಕೆಳಗೆ ಪ್ಯಾಡಿಂಗ್ (ಖಾಲಿ ಜಾಗ) ಕೊಡಿ.

ಇನ್‌ಕ್ಲೂಡ್‌ಫಾಂಟ್‌ಪ್ಯಾಡಿಂಗ್ ಫಾಲ್ಸ್ ಅನ್ನುವುದು ನೆಟ್‌ನಲ್ಲಿ ಎಲ್ಲ ಕಡೆ ಸಿಗುವ ಸಲಹೆ. ಅದು ಆಂಡ್ರಾಯ್ಡ್‌ಗೆ ಮಾತ್ರ ಇರುವ ಸೆಟ್ಟಿಂಗ್. ಇಂಗ್ಲಿಷ್ ಅಕ್ಷರ ಬಟನ್‌ನ ನಟ್ಟನಡುವೆ ಕೂರಲಿ ಅಂತ ಹಾಕುತ್ತಾರೆ. ಹಾಕಿದರೆ ಮೊದಲ ಸಾಲಿನ ಮೇಲೆ, ಕೊನೆಯ ಸಾಲಿನ ಕೆಳಗೆ ಇದ್ದ ಹೆಚ್ಚುವರಿ ಜಾಗ ಹೋಗುತ್ತದೆ. ನಮ್ಮ ಒತ್ತಿಗೆ ಬೇಕಿದ್ದದ್ದೇ ಆ ಜಾಗ. ಕನ್ನಡ ಇರುವ ಕಡೆ ಅದನ್ನು ತೆಗೆದುಬಿಡಿ.

ಬೆಳವಲ

ಚಲೋ ಬರೆದೀರಿ. ಆದರೆ ನಾಳೆ ಬಿಡುಗಡೆ ಇದ್ದವರು ಇಷ್ಟೆಲ್ಲ ಎಲ್ಲಿ ಮಾಡಬೇಕ್ರೀ? ಪ್ಲಾಟ್‌ಫಾರ್ಮ್ ನೋಡಿ ಆಂಡ್ರಾಯ್ಡ್ ಇದ್ದರೆ ಲೈನ್‌ಹೈಟ್ 26, ಐಫೋನ್ ಇದ್ದರೆ 20 ಅಂತ ಒಂದು ಷರತ್ತು ಹಾಕಿದರೆ ಮುಗಿಯಿತು. ನಾವು ಹಾಗೇ ಮಾಡುತ್ತೇವೆ, ನಡೆಯುತ್ತಿದೆ.

ಹಳೇಬಸ್‌ಸ್ಟ್ಯಾಂಡ್

ನಾಳೆ ಬಿಡುಗಡೆ ಇದ್ದರೆ ಹಾಕಿ, ತಪ್ಪೇನಿಲ್ಲ. ಆದರೆ ಅದು ಉಳಿಯುವ ಪರಿಹಾರ ಅಲ್ಲ. ಆ ಷರತ್ತು ಕೇಳುವುದು "ಇದು ಆಂಡ್ರಾಯ್ಡಾ?" ಅಂತ. ಅಕ್ಷರದ ಎತ್ತರ ನಿರ್ಧಾರ ಆಗುವುದು ಆಂಡ್ರಾಯ್ಡ್ ಅನ್ನುವುದರಿಂದ ಅಲ್ಲ. ಆ ಫೋನಿನ ಆವೃತ್ತಿ, ಆಪ್‌ನ ಟಾರ್ಗೆಟ್, ಫೋನ್ ಕಂಪನಿ ಒಳಗೆ ಹಾಕಿದ ಫಾಂಟ್, ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿಕೊಂಡ ಫಾಂಟ್, ಇಷ್ಟರ ಮೇಲೆ ನಿಂತಿದೆ. ಆಂಡ್ರಾಯ್ಡ್ 12ರ ಫೋನ್‌ಗೂ 16ರ ಫೋನ್‌ಗೂ ಅದೇ 26 ಹೋಗುತ್ತದೆ. ಒಂದರಲ್ಲಿ ಸಾಲು ಬಿಡಿಬಿಡಿಯಾಗಿ ಕಾಣುತ್ತದೆ, ಇನ್ನೊಂದರಲ್ಲಿ ಸರಿಹೋಗುತ್ತದೆ.

ಇನ್ನೊಂದು ಮಾತು. ಐಫೋನ್‌ನಲ್ಲಿ 20 ಸಾಕು ಅಂತ ನಾವು ಯಾಕೆ ಒಪ್ಪಿಕೊಳ್ಳಬೇಕು? ಅಲ್ಲಿ ಅಕ್ಷರ ಕತ್ತರಿಸುತ್ತಿಲ್ಲ ಅಷ್ಟೇ. ಎರಡು ಸಾಲಿನ ವಾಕ್ಯ ಬಂದಾಗ ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಓದಲು ಕಷ್ಟ. ಐಫೋನ್‌ನಲ್ಲೂ ಅದು ದೋಷವೇ, ಕಣ್ಣಿಗೆ ಬೇಗ ಬೀಳುವುದಿಲ್ಲ ಅಷ್ಟೇ.

ಬೆಳವಲ

ಒಪ್ಪಿದೆ. ಆದರೆ ನಮ್ಮಲ್ಲಿ ನೂರಾರು ಕಡೆ ಟೆಕ್ಸ್ಟ್ ಇದೆ. ಎಲ್ಲ ಕಡೆ ತಿದ್ದಬೇಕಾ?

ಹಳೇಬಸ್‌ಸ್ಟ್ಯಾಂಡ್

ನಿಮ್ಮದೇ ಒಂದು ಟೆಕ್ಸ್ಟ್ ಕಾಂಪೊನೆಂಟ್ ಮಾಡಿ. ಅದರಲ್ಲಿ ನಾಲ್ಕೈದು ಬಗೆ ಇರಲಿ: ತಲೆಬರಹ, ಮೈಬರಹ, ಲೇಬಲ್, ಸಣ್ಣ ಟಿಪ್ಪಣಿ. ಫಾಂಟ್, ಸೈಜ್, ಲೈನ್‌ಹೈಟ್ ಅಲ್ಲೇ ಇರಲಿ. ರಿಯಾಕ್ಟ್ ನೇಟಿವ್‌ನ ಮೂಲ ಟೆಕ್ಸ್ಟನ್ನು ಬೇರೆ ಯಾವ ಫೈಲ್‌ನಲ್ಲೂ ನೇರ ಕರೆಯದ ಹಾಗೆ ಲಿಂಟ್ ನಿಯಮ (ಕೋಡನ್ನು ತಾನಾಗಿ ಪರಿಶೀಲಿಸುವ ನಿಯಮ) ಹಾಕಿ. ಹಳೆಯ ಕಡೆಗಳಲ್ಲಿ ಇಂಪೋರ್ಟ್ ಬದಲಾಯಿಸುವುದು ಒಂದು ಹುಡುಕಾಟ, ಒಂದು ಬದಲಾವಣೆಯ ಕೆಲಸ. ಆಮೇಲೆ ಏನೇ ತಿದ್ದಬೇಕಿದ್ದರೂ ಒಂದೇ ಜಾಗ.

ಮೂರನೇಸಾಲು

ನಾನು ಫ್ಲಟರ್‌ನಲ್ಲಿ (ರಿಯಾಕ್ಟ್ ನೇಟಿವ್ ಥರದ್ದೇ ಇನ್ನೊಂದು ಸಾಧನ) ಕೆಲಸ ಮಾಡುವವನು. ಫ್ಲಟರ್ ಬಂದರೆ ಈ ತಲೆನೋವು ಇಲ್ಲ ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಕನ್ನಡಕ್ಕೆ ಅಲ್ಲೂ ಇದೆ.

ಫ್ಲಟರ್ ಬಟನ್, ಪಟ್ಟಿ ಎಲ್ಲ ತಾನೇ ಬಿಡಿಸುತ್ತದೆ. ಫೋನಿನ ಸ್ವಂತ ಬಟನ್ ಬಳಸುವುದಿಲ್ಲ. ಹಾಗಾಗಿ ನೆರಳು, ಮೂಲೆಯ ದುಂಡು, ಅಂಚು ಇವೆಲ್ಲ ಎರಡೂ ಕಡೆ ಒಂದೇ ಥರ ಬರುತ್ತವೆ, ಅದು ನಿಜ. ಆದರೆ ಕನ್ನಡ ಫಾಂಟ್ ನೀವು ಒಳಗೆ ಹಾಕದಿದ್ದರೆ ಅದೂ ಫೋನಿನ ಫಾಂಟ್‌ಗೇ ಕೈಚಾಚುತ್ತದೆ. ಐಫೋನ್‌ನಲ್ಲಿ ಒಂದು, ಆಂಡ್ರಾಯ್ಡ್‌ನಲ್ಲಿ ಇನ್ನೊಂದು. ವೆಬ್‌ಗೆ ಬಿಲ್ಡ್ ಮಾಡಿದರಂತೂ ಕನ್ನಡಕ್ಕೆ ನೋಟೊ ಫಾಂಟನ್ನು ಆ ಕ್ಷಣಕ್ಕೆ ಇಳಿಸಿಕೊಳ್ಳುತ್ತದೆ. ಇಳಿಯುವ ತನಕ ಖಾಲಿ ಚೌಕಗಳು ಕಾಣುತ್ತವೆ. ನಿಧಾನದ ನೆಟ್‌ವರ್ಕ್‌ನಲ್ಲಿ ಅದು ಚೆನ್ನಾಗಿ ಗೊತ್ತಾಗುತ್ತದೆ.

ಸ್ಟ್ರಟ್ ಸ್ಟೈಲ್‌ನಲ್ಲಿ ಫೋರ್ಸ್ ಸ್ಟ್ರಟ್ ಹೈಟ್ ಟ್ರೂ ಅಂತ ಕೆಲವರು ಎಲ್ಲ ಕಡೆ ಹಾಕುತ್ತಾರೆ. ಸಾಲುಗಳ ಅಂತರ ಒಂದೇ ಥರ ಬರಲಿ ಅಂತ. ಕನ್ನಡದಲ್ಲಿ ಅದು ಹಾಕಿದ ಕೂಡಲೇ ಒತ್ತಕ್ಷರ ಕೆಳಗಿನ ಸಾಲಿನ ಮೇಲೆ ಏರಿ ಕೂರುತ್ತದೆ. ಫ್ಲಟರ್ ಸಾಮಾನ್ಯವಾಗಿ ಅಕ್ಷರವನ್ನು ಕತ್ತರಿಸುವುದಿಲ್ಲ, ಆಚೆಗೂ ಬಿಡಿಸುತ್ತದೆ. ಸುತ್ತ ಕ್ಲಿಪ್ ಮಾಡುವ ವಿಜೆಟ್ ಇದ್ದರೆ ಮಾತ್ರ ಕತ್ತರಿ ಬೀಳುತ್ತದೆ. ಅದಕ್ಕೇ ಮೂಲೆ ದುಂಡಗಿರುವ ಕಾರ್ಡ್ ಒಳಗೆ ಮಾತ್ರ ಕತ್ತರಿಸುತ್ತಿದೆ, ಹೊರಗೆ ಇಲ್ಲ ಅಂತ ಜನ ಗೊಂದಲ ಪಡುವುದು.

ಪರಿಹಾರ ಅದೇ. ಫಾಂಟ್ ಒಳಗೆ ಹಾಕಿ, ಥೀಮ್‌ನಲ್ಲೇ ಹೈಟ್ 1.5 ಇಲ್ಲವೇ 1.6 (ಅಕ್ಷರದ ಗಾತ್ರದ ಅಷ್ಟು ಪಟ್ಟು) ಕೊಡಿ.

ನೀಲಿಶಾಯಿ

ಡಿಸೈನರ್ ಕಡೆಯಿಂದ ಎರಡು ಮಾತು. ಈ ಬಗ್ ಹುಟ್ಟುವುದು ಕೋಡ್‌ನಲ್ಲಿ ಅಲ್ಲ, ಪರದೆ ಬಿಡಿಸುವ ಫಿಗ್ಮಾ ಆಪ್‌ನ ಫೈಲ್‌ನಲ್ಲಿ. ಎಲ್ಲ ಪರದೆಗಳನ್ನೂ ಇಂಗ್ಲಿಷ್‌ನಲ್ಲಿ ಬಿಡಿಸುತ್ತಾರೆ. "ಸೇವ್" ಅನ್ನುವ ನಾಲ್ಕು ಅಕ್ಷರದ ಇಂಗ್ಲಿಷ್ ಪದಕ್ಕೆ ಬಟನ್ ಅಳೆಯುತ್ತಾರೆ. ಕೊನೆಗೆ ಅನುವಾದದ ಫೈಲ್ ಬಂದು "ಬದಲಾವಣೆಗಳನ್ನು ಉಳಿಸಿ" ಅಂತ ಅದೇ ಬಟನ್‌ನಲ್ಲಿ ತುಂಬುತ್ತಾರೆ. ಪೂರ್ತಿ ಮನುಷ್ಯನ ಫೋಟೊವನ್ನು ಪಾಸ್‌ಪೋರ್ಟ್ ಸೈಜಿನ ಚೌಕಟ್ಟಿಗೆ ಸೇರಿಸಲು ಹೋದ ಹಾಗೆ, ಕಾಲು ಕತ್ತರಿಸಲೇಬೇಕು.

ನಾನು ಈಗ ಮೊದಲ ಪರದೆಯನ್ನೇ ಕನ್ನಡದಲ್ಲಿ ಬಿಡಿಸುತ್ತೇನೆ. ಇಂಗ್ಲಿಷ್ ಆಮೇಲೆ. ಕನ್ನಡ ಹಿಡಿಸಿದ ಪೆಟ್ಟಿಗೆಯಲ್ಲಿ ಇಂಗ್ಲಿಷ್ ಆರಾಮಾಗಿ ಕೂರುತ್ತದೆ. ಉಲ್ಟಾ ಆಗುವುದಿಲ್ಲ.

ಇಟಾಲಿಕ್ ಬಗ್ಗೆಯೂ ಹೇಳುತ್ತೇನೆ, ಯಾರಾದರೂ ಕೇಳೇ ಕೇಳುತ್ತಾರೆ. ಕನ್ನಡ ಫಾಂಟ್‌ಗಳಲ್ಲಿ ಸಾಮಾನ್ಯವಾಗಿ ಇಟಾಲಿಕ್ ರೂಪ ಇರುವುದಿಲ್ಲ. ಸ್ಟೈಲ್‌ನಲ್ಲಿ ಇಟಾಲಿಕ್ ಅಂತ ಕೊಟ್ಟರೆ ಆಂಡ್ರಾಯ್ಡ್ ಇದ್ದ ಅಕ್ಷರವನ್ನೇ ಬಲಕ್ಕೆ ವಾಲಿಸಿ ತೋರಿಸುತ್ತದೆ, ಐಫೋನ್ ನೆಟ್ಟಗೇ ಬಿಡುತ್ತದೆ. ಇದನ್ನು ಎರಡೂ ಕಡೆ ಒಂದೇ ಮಾಡಲು ಒದ್ದಾಡಬೇಡಿ. ಕನ್ನಡಕ್ಕೆ ಇಟಾಲಿಕ್ಕೇ ಬೇಡ. ಒತ್ತಿ ಹೇಳಬೇಕಿದ್ದರೆ ಬಣ್ಣ ಬದಲಿಸಿ, ಇಲ್ಲವೇ ಒಂದು ಹಂತ ದಪ್ಪ ಮಾಡಿ.

ಹೊಂಗೆಮರ

ಎಲ್ಲರಿಗೂ ಧನ್ಯವಾದ. ಫಾಂಟ್ ಒಳಗೆ ಹಾಕಿ, ಲೈನ್‌ಹೈಟ್ 26 ಮಾಡಿ ನೋಡಿದೆ. ಸಾಧಾರಣ ಅಕ್ಷರ ಎರಡರಲ್ಲೂ ಒಂದೇ ಥರ ಬರುತ್ತಿದೆ, ಒತ್ತು ಪೂರ್ತಿ ಕಾಣುತ್ತಿದೆ. ದಪ್ಪ ಅಕ್ಷರ ಮಾತ್ರ ಇನ್ನೂ ಸರಿಯಿಲ್ಲ. ಐಫೋನ್‌ನಲ್ಲಿ ದಪ್ಪವೇ ಆಗುತ್ತಿಲ್ಲ. ಆಂಡ್ರಾಯ್ಡ್‌ನಲ್ಲಿ ಒಂದು ಪರದೆಯಲ್ಲಿ ಮಸಿ ಹರಡಿದ ಹಾಗೆ, ಇನ್ನೊಂದರಲ್ಲಿ ಬೇರೆ ಫಾಂಟೇ ಬಂದ ಹಾಗೆ. ಫಾಂಟ್‌ವೇಟ್ (ಅಕ್ಷರದ ದಪ್ಪ) 600 ಕೊಟ್ಟಿದ್ದೇನೆ.

ಮೂರನೇಸಾಲು

ಫಾಂಟ್ ಫೈಲ್ ಎಷ್ಟು ಹಾಕಿದ್ದೀರಿ? ರೆಗ್ಯುಲರ್ ಒಂದೇನಾ?

ಹೊಂಗೆಮರ

ಹೌದು, ಒಂದೇ. ಗೂಗಲ್ ಫಾಂಟ್ಸ್‌ನಿಂದ ಇಳಿಸಿದ ವೇರಿಯಬಲ್ ಫೈಲ್. ಎಲ್ಲ ತೂಕ, ಅಂದರೆ ಎಲ್ಲ ಹಂತದ ದಪ್ಪ, ಅದರಲ್ಲೇ ಇದೆ ಅಂತ ಇತ್ತಲ್ಲ.

ಹಳೇಬಸ್‌ಸ್ಟ್ಯಾಂಡ್

ಅಲ್ಲೇ ಇದೆ ವಿಷಯ. ವೇರಿಯಬಲ್ ಫೈಲನ್ನು ರಿಯಾಕ್ಟ್ ನೇಟಿವ್‌ನಲ್ಲಿ ನಂಬಬೇಡಿ. ಅದೇ ಜಿಪ್ ಒಳಗೆ ಸ್ಟ್ಯಾಟಿಕ್ ಅಂತ ಒಂದು ಫೋಲ್ಡರ್ ಇರುತ್ತದೆ. ಅದರಿಂದ ರೆಗ್ಯುಲರ್, ಸೆಮಿಬೋಲ್ಡ್, ಬೋಲ್ಡ್ ಮೂರನ್ನೂ ಬೇರೆ ಬೇರೆ ಫೈಲ್ ಆಗಿ ಹಾಕಿ.

ಬೋಲ್ಡ್ ಫೈಲ್ ಸಿಗದಿದ್ದಾಗ ಎರಡೂ ಬೇರೆ ಬೇರೆ ನಡೆದುಕೊಳ್ಳುತ್ತವೆ. ಐಫೋನ್ ಇರುವುದರಲ್ಲಿ ಹತ್ತಿರದ್ದನ್ನು ಆರಿಸುತ್ತದೆ, ರೆಗ್ಯುಲರ್ ಒಂದೇ ಇದ್ದರೆ ಅದನ್ನೇ ತೋರಿಸುತ್ತದೆ. ಅದಕ್ಕೇ ದಪ್ಪ ಆಗಲಿಲ್ಲ. ಆಂಡ್ರಾಯ್ಡ್‌ನಲ್ಲಿ ಫಾಂಟನ್ನು ನೀವು ಸೇರಿಸಿದ ರೀತಿಯ ಮೇಲೆ ಹೋಗುತ್ತದೆ. ಒಂದೋ ನಿಮ್ಮ ಫಾಂಟ್ ಬಿಟ್ಟು ಸಿಸ್ಟಮ್ ಫಾಂಟ್‌ಗೆ ಹೋಗುತ್ತದೆ, ಇಲ್ಲವೇ ರೆಗ್ಯುಲರ್ ಅಕ್ಷರದ ಗೆರೆಯನ್ನೇ ಸುತ್ತಲೂ ಉಬ್ಬಿಸಿ ದಪ್ಪ ಮಾಡುತ್ತದೆ. ಇದೇ ಫೇಕ್ ಬೋಲ್ಡ್. ಇಂಗ್ಲಿಷ್‌ನಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ಒಳಗಿನ ಸುಳಿಗಳು ಮುಚ್ಚಿಹೋಗುತ್ತವೆ. ದಕಾರದ ಕೆಳಗೆ ಧಕಾರದ ಒತ್ತು ಬಂದರೆ, "ಶುದ್ಧ" ಥರ, ಧದ ಸೀಳು ಕಾಣದೆ ಅದು ದವೋ ಧವೋ ಹೇಳಲು ಆಗುವುದಿಲ್ಲ. ಹಾಲಿನ ಆಪ್‌ನಲ್ಲಿ ಆ ಪದ ಹತ್ತು ಕಡೆ ಬರುತ್ತದೆ.

ಹೆಸರಿನ ವಿಷಯದಲ್ಲೂ ಜಾಗ್ರತೆ. ಐಫೋನ್ ಫಾಂಟ್ ಹುಡುಕುವುದು ಫೈಲ್ ಒಳಗೆ ಬರೆದಿರುವ ಹೆಸರಿನಿಂದ. ಆಂಡ್ರಾಯ್ಡ್ ಹುಡುಕುವುದು ಫೈಲ್‌ನ ಹೆಸರಿನಿಂದ. ಎರಡನ್ನೂ ಒಂದೇ ಇಡಿ, ಅಂದರೆ ಫೈಲ್ ಹೆಸರನ್ನು ಒಳಗಿನ ಪೋಸ್ಟ್‌ಸ್ಕ್ರಿಪ್ಟ್ ಹೆಸರಿಗೆ ಹೊಂದಿಸಿ. ಮ್ಯಾಕ್ ಇದ್ದರೆ ಫಾಂಟ್ ಬುಕ್‌ನಲ್ಲಿ ಆ ಹೆಸರು ಕಾಣುತ್ತದೆ. ಆಮೇಲೆ ಸ್ಟೈಲ್‌ನಲ್ಲಿ ಫಾಂಟ್‌ಫ್ಯಾಮಿಲಿ ಅಂತ ಸೆಮಿಬೋಲ್ಡ್ ಫೈಲ್‌ನ ಹೆಸರನ್ನೇ ಕೊಡಿ, ಫಾಂಟ್‌ವೇಟ್ ಕೊಡಲೇಬೇಡಿ. ಎರಡೂ ಕೊಟ್ಟರೆ ಮತ್ತೆ ಅದೇ ಪಾಡು.

ಟೆಸ್ಟಿಂಗ್‌ಅಕ್ಕ

ನಾನು ಟೆಸ್ಟಿಂಗ್‌ನವಳು, ನನ್ನ ಕಡೆಯ ಮಾತೂ ಇರಲಿ. ನಿಮ್ಮ ಆಪ್ ಬಳಸುವವರು ಯಾರು ಅಂತ ನೆನಪಿಡಿ. ಹಾಲು ಹಾಕಲು ಬರುವವರಲ್ಲಿ ವಯಸ್ಸಾದವರು ಜಾಸ್ತಿ. ಮಕ್ಕಳೋ ಮೊಮ್ಮಕ್ಕಳೋ ಅವರ ಫೋನಿನಲ್ಲಿ ಅಕ್ಷರದ ಗಾತ್ರ ದೊಡ್ಡದು ಮಾಡಿಕೊಟ್ಟಿರುತ್ತಾರೆ. ಆಂಡ್ರಾಯ್ಡ್ 14ರಿಂದ ಅದನ್ನು 200 ಪರ್ಸೆಂಟ್ ತನಕ ಏರಿಸಬಹುದು. ನಾವು ಕಚೇರಿಯಲ್ಲಿ ಸಾಧಾರಣ ಗಾತ್ರದಲ್ಲಿ ನೋಡಿ ಸರಿ ಇದೆ ಅನ್ನುತ್ತೇವೆ. ರಿಯಾಕ್ಟ್ ನೇಟಿವ್‌ನಲ್ಲಿ ಲೈನ್‌ಹೈಟ್ ಆ ಗಾತ್ರದ ಜೊತೆ ಏರುತ್ತದೆ, ಆದರೆ ನೀವು ಬಟನ್‌ಗೆ, ಪಟ್ಟಿಯ ಸಾಲಿಗೆ ಕಟ್ಟಿಹಾಕಿದ ಹೈಟ್ ಏರುವುದಿಲ್ಲ. ಮತ್ತೆ ಕತ್ತರಿ.

ಕೆಲವರು ಇದಕ್ಕೆ ಅಲೋ ಫಾಂಟ್ ಸ್ಕೇಲಿಂಗ್ ಫಾಲ್ಸ್ ಅಂತ ಹಾಕಿ ಕೈತೊಳೆದುಕೊಳ್ಳುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಣ್ಣು ಮಂಜಾದವರು ಕೇಳಿಕೊಂಡ ಒಂದೇ ಸಹಾಯ ಅದು. ಲೇಔಟ್ ಚೆನ್ನಾಗಿ ಕಾಣಲಿ ಅಂತ ಅದನ್ನು ಕಿತ್ತುಕೊಳ್ಳುವುದು ಸರಿಯಲ್ಲ. ತೀರಾ ಆಗದ ಕಡೆ ಮ್ಯಾಕ್ಸ್ ಫಾಂಟ್ ಸೈಜ್ ಮಲ್ಟಿಪ್ಲೈಯರ್ ಕೊಟ್ಟು ಒಂದು ಮಿತಿ ಹಾಕಿ.

ಆಂಡ್ರಾಯ್ಡ್ 12ರಿಂದ ಸೆಟ್ಟಿಂಗ್ಸ್‌ನಲ್ಲಿ ಬೋಲ್ಡ್ ಟೆಕ್ಸ್ಟ್ ಅಂತ ಇನ್ನೊಂದು ಇದೆ. ಅದು ಆನ್ ಇದ್ದಾಗ ಅಕ್ಷರ ಅಗಲವಾಗುತ್ತದೆ. ಅಗಲದ ಲೆಕ್ಕ ತಪ್ಪಿದ ಕಡೆ ಸಾಲಿನ ಕೊನೆಯ ಅಕ್ಷರವೋ ಪದವೋ ಕಾಣೆಯಾಗುತ್ತದೆ. "ಬಾಕಿ ಇಲ್ಲ" ಅನ್ನುವುದು "ಬಾಕಿ" ಅಂತ ಮಾತ್ರ ಕಂಡರೆ ರೈತರು ಏನೆಂದುಕೊಳ್ಳಬೇಕು ಹೇಳಿ.

ನಾನು ಪರೀಕ್ಷೆಗೆ ಇಟ್ಟುಕೊಂಡ ಪದಗಳು: ಸ್ತ್ರೀ, ರಾಷ್ಟ್ರೀಯ, ಸ್ವಾತಂತ್ರ್ಯ, ವೈಶಿಷ್ಟ್ಯ, ಲಕ್ಷ್ಮೀ, ಶುದ್ಧ, ಕೃಷ್ಣಪ್ಪ, ಒಟ್ಟು, ಅರ್ಜಿ. ಕೊನೆಯದು ಅರ್ಕಾವತ್ತಿಗೆ. ಅದು ಅಕ್ಷರದ ಬಲಕ್ಕೆ ಬರುವುದರಿಂದ ಅಗಲದ ತೊಂದರೆ ಅಲ್ಲಿ ಮೊದಲು ಕಾಣುತ್ತದೆ. ಪ್ರತಿ ಬಿಲ್ಡ್‌ನಲ್ಲೂ ಒಂದು ಗುಪ್ತ ಪರದೆ ಇಟ್ಟು, ಎಲ್ಲ ಬಗೆಯ ಟೆಕ್ಸ್ಟ್, ಬಟನ್, ಇನ್‌ಪುಟ್‌ಗಳಲ್ಲಿ ಈ ಪದಗಳನ್ನು ತೋರಿಸಲು ನಮ್ಮ ಡೆವಲಪರ್‌ಗಳಿಗೆ ಹೇಳಿದ್ದೇನೆ. ಆ ಒಂದು ಪರದೆಯ ಸ್ಕ್ರೀನ್‌ಶಾಟ್ ತೆಗೆದರೆ ಸಾಕು. ಆಪ್ ಪೂರ್ತಿ ಸುತ್ತುವ ಅಗತ್ಯ ಇಲ್ಲ.

ಬೆಳವಲ

ಈ ಪದದ ಪಟ್ಟಿ ತಗೊಂಡೆ ಅಕ್ಕಾ. ನಮ್ಮ ಆಪ್‌ನಲ್ಲಿ ಈಗಲೇ ಹಾಕಿ ನೋಡಿದೆ. ರಾಷ್ಟ್ರೀಯ ಅನ್ನುವುದು ಐಫೋನ್‌ನಲ್ಲೂ ಕೆಳಗಡೆ ತುಸು ಕತ್ತರಿಸುತ್ತಿದೆ. 20ರ ಲೈನ್‌ಹೈಟ್ ತೆಗೆಯುತ್ತೇನೆ.

ಹೊಂಗೆಮರ, ನಿಮ್ಮ ನೆರಳಿನ ಪ್ರಶ್ನೆ ಹಾಗೇ ಉಳಿಯಿತಲ್ಲ. ಅದು ನನಗೆ ಗೊತ್ತಿರುವ ವಿಷಯ. ಐಫೋನ್‌ಗೆ ಶ್ಯಾಡೋ ಕಲರ್, ಆಫ್‌ಸೆಟ್, ಒಪ್ಯಾಸಿಟಿ, ರೇಡಿಯಸ್ ನಾಲ್ಕೂ ಬೇಕು. ಆಂಡ್ರಾಯ್ಡ್ ಆ ನಾಲ್ಕರಿಂದ ನೆರಳು ಬಿಡಿಸುವುದಿಲ್ಲ, ಅದಕ್ಕೆ ಎಲಿವೇಶನ್ (ಪರದೆಯಿಂದ ಎಷ್ಟು ಮೇಲೆದ್ದಿದೆ ಅನ್ನುವ ಅಳತೆ) ಬೇಕು. ಎಲಿವೇಶನ್ ಕೊಟ್ಟೂ ಬರಲಿಲ್ಲ ಅಂದರೆ ಬ್ಯಾಕ್‌ಗ್ರೌಂಡ್ ಬಣ್ಣ ಕೊಟ್ಟಿಲ್ಲ ಅಂತ ಅರ್ಥ. ಐಫೋನ್‌ನಲ್ಲಿ ಬರಲಿಲ್ಲ ಅಂದರೆ ಅದೇ ವ್ಯೂಗೆ ಓವರ್‌ಫ್ಲೋ ಹಿಡನ್ ಹಾಕಿದ್ದೀರಿ ಅಂತ. ಅಲ್ಲಿ ಅದು ನೆರಳನ್ನೂ ಸೇರಿಸಿ ಕತ್ತರಿಸುತ್ತದೆ. ಎರಡು ವ್ಯೂ ಮಾಡಿ: ಹೊರಗಿನದಕ್ಕೆ ನೆರಳು, ಒಳಗಿನದಕ್ಕೆ ದುಂಡು ಮೂಲೆ ಮತ್ತು ಓವರ್‌ಫ್ಲೋ ಹಿಡನ್.

ಇನ್ನೊಂದು, ಎಲಿವೇಶನ್ ಜಾಸ್ತಿ ಇರುವುದು ಆಂಡ್ರಾಯ್ಡ್‌ನಲ್ಲಿ ಮೇಲೆ ಬಂದು ಕೂರುತ್ತದೆ. ಝಡ್ ಇಂಡೆಕ್ಸ್ (ಯಾವುದರ ಮೇಲೆ ಯಾವುದು ಅನ್ನುವ ಕ್ರಮ) ಸರಿ ಇದ್ದರೂ ಡ್ರಾಪ್‌ಡೌನ್ ಕಾರ್ಡಿನ ಕೆಳಗೆ ಹೋಗುತ್ತಿದ್ದರೆ ಅದೇ ಕಾರಣ.

ಮೂರನೇಸಾಲು

ರಿಯಾಕ್ಟ್ ನೇಟಿವ್ 0.76ರಿಂದ ಬಾಕ್ಸ್‌ಶ್ಯಾಡೋ ಬಂದಿದೆ. ಹೊಸ ಆರ್ಕಿಟೆಕ್ಚರ್ ಇದ್ದರೆ ಒಂದೇ ಸಾಲಿನಲ್ಲಿ ಎರಡೂ ಕಡೆ ನೆರಳು ಬರುತ್ತದೆ. ಆಂಡ್ರಾಯ್ಡ್ 9ಕ್ಕಿಂತ ಹಳೆಯ ಫೋನ್‌ನಲ್ಲಿ ಬರುವುದಿಲ್ಲ, ನೆರಳು ಇಲ್ಲದಿದ್ದರೂ ಓದಲು ತೊಂದರೆ ಇಲ್ಲ, ಬಿಟ್ಟುಬಿಡಬಹುದು. ಹಳ್ಳಿಯಲ್ಲಿ ಹಳೆಯ ಫೋನ್ ಇರುತ್ತವೆ, ಕಾರ್ಡಿಗೆ ಒಂದು ತೆಳು ಅಂಚು ಹಾಕಿದರೆ ಸಾಕು.

ಹೊಂಗೆಮರ

ಸ್ಟ್ಯಾಟಿಕ್ ಫೈಲ್ ಹಾಕಿದ ಮೇಲೆ ದಪ್ಪ ಅಕ್ಷರ ಸರಿಹೋಯಿತು. "ಶುದ್ಧ" ಈಗ ಶುದ್ಧವಾಗಿಯೇ ಕಾಣುತ್ತದೆ. ಬಾಕ್ಸ್‌ಶ್ಯಾಡೋಗೆ ಬದಲಾಯಿಸುತ್ತೇನೆ.

ಎರಡು ಉಳಿದಿವೆ. ಸದಸ್ಯರ ಹೆಸರು ಹುಡುಕುವ ಇನ್‌ಪುಟ್‌ನಲ್ಲಿ ಐಫೋನ್‌ನಲ್ಲಿ ಅಕ್ಷರ ಕೆಳಕ್ಕೆ ಕೂರುತ್ತಿದೆ, ಆಂಡ್ರಾಯ್ಡ್‌ನಲ್ಲಿ ನಡುವೆ ಇದೆ. ಇನ್ನೊಂದು, ಆಂಡ್ರಾಯ್ಡ್ 15ರ ಫೋನಿನಲ್ಲಿ ಕೆಳಗಿನ "ಬಟವಾಡೆ ವಿವರ" ಬಟನ್ ಅರ್ಧ, ಹಿಂದಕ್ಕೆ ಹೋಗುವ ಗುಂಡಿಗಳ ಪಟ್ಟಿಯ ಅಡಿಗೆ ಹೋಗಿದೆ.

ಹಳೇಬಸ್‌ಸ್ಟ್ಯಾಂಡ್

ಎರಡನೆಯದು ಮೊದಲು. ಅದೂ ಟಾರ್ಗೆಟ್ 35ರ ಕೊಡುಗೆ. ಆಂಡ್ರಾಯ್ಡ್ 15ರಲ್ಲಿ ಆ ಟಾರ್ಗೆಟ್ ಇರುವ ಆಪ್‌ಗಳು ಪರದೆಯ ಅಂಚಿನಿಂದ ಅಂಚಿಗೆ ಹರಡಲೇಬೇಕು. ಎಜ್ ಟು ಎಜ್ ಅನ್ನುತ್ತಾರೆ. 35ರಲ್ಲಿ ತಾತ್ಕಾಲಿಕವಾಗಿ ಬೇಡ ಅನ್ನಲು ಒಂದು ದಾರಿ ಇದೆ. 36ಕ್ಕೆ ಹೋದರೆ ಆಂಡ್ರಾಯ್ಡ್ 16ರಲ್ಲಿ ಅದೂ ಇಲ್ಲ. ಈಗಲೇ ಸರಿಮಾಡಿಬಿಡಿ. ರಿಯಾಕ್ಟ್ ನೇಟಿವ್ ಜೊತೆ ಬರುವ ಸೇಫ್ ಏರಿಯಾ ವ್ಯೂ ಐಫೋನ್‌ಗೆ ಮಾತ್ರ ಕೆಲಸ ಮಾಡುವಂಥದ್ದು, 0.81ರಲ್ಲಿ ಅದನ್ನು ಬಿಡಿ ಅಂತಲೂ ಹೇಳಿದ್ದಾರೆ. ರಿಯಾಕ್ಟ್ ನೇಟಿವ್ ಸೇಫ್ ಏರಿಯಾ ಕಾಂಟೆಕ್ಸ್ಟ್ ಅನ್ನುವ ಲೈಬ್ರರಿ ಹಾಕಿ, ಕೆಳಗಿನ ಇನ್‌ಸೆಟ್ (ಗುಂಡಿಗಳ ಪಟ್ಟಿ ಹಿಡಿಯುವ ಜಾಗದ ಅಳತೆ) ತೆಗೆದುಕೊಂಡು ಬಟನ್‌ನ ಪ್ಯಾಡಿಂಗ್‌ಗೆ ಸೇರಿಸಿ. ಕೀಬೋರ್ಡ್ ಎದ್ದಾಗ ಬಟನ್ ಎಲ್ಲಿ ಹೋಗುತ್ತದೆ ಅಂತಲೂ ನೋಡಿ. ಎಜ್ ಟು ಎಜ್ ಬಂದ ಮೇಲೆ ಕೀಬೋರ್ಡ್‌ಗೆ ಜಾಗ ಬಿಡಲು ಪರದೆ ಕುಗ್ಗಿಸುತ್ತಿದ್ದ ಹಳೆಯ ಅಡ್ಜಸ್ಟ್ ರೀಸೈಜ್ ಮೊದಲಿನ ಹಾಗೆ ನಡೆಯುವುದಿಲ್ಲ.

ಇನ್‌ಪುಟ್‌ನದು ಸುಲಭ. ಒಂದೇ ಸಾಲಿನ ಟೆಕ್ಸ್ಟ್ ಇನ್‌ಪುಟ್‌ಗೆ ಲೈನ್‌ಹೈಟ್ ಕೊಡಬೇಡಿ. ಐಫೋನ್ ಹೆಚ್ಚುವರಿ ಎತ್ತರವನ್ನೆಲ್ಲ ಅಕ್ಷರದ ಮೇಲೆ ಸೇರಿಸುತ್ತದೆ, ಅದಕ್ಕೇ ಅಕ್ಷರ ಕೆಳಗೆ ಇಳಿದ ಹಾಗೆ ಕಾಣುವುದು. ನಿಮ್ಮ ಕನ್ನಡ ಫಾಂಟ್ ಕೊಟ್ಟಿದ್ದರೆ ಲೈನ್‌ಹೈಟ್ ಇಲ್ಲದೆಯೂ ಬೇಕಾದ ಎತ್ತರ ಅದೇ ತೆಗೆದುಕೊಳ್ಳುತ್ತದೆ. ಹೈಟ್ ಬದಲು ಮಿನ್‌ಹೈಟ್ 52 ಇಡಿ. ಆಂಡ್ರಾಯ್ಡ್ ತಾನಾಗಿ ಹಾಕುವ ಮೇಲಿನ ಕೆಳಗಿನ ಪ್ಯಾಡಿಂಗ್ ಐಫೋನ್‌ನಲ್ಲಿ ಇರುವುದಿಲ್ಲ, ಆದ್ದರಿಂದ ಎರಡಕ್ಕೂ ಪ್ಯಾಡಿಂಗ್ ವರ್ಟಿಕಲ್ ನೀವೇ ಬರೆದುಕೊಡಿ.

ಟೆಸ್ಟಿಂಗ್‌ಅಕ್ಕ

ಆ ಇನ್‌ಪುಟ್‌ನಲ್ಲಿ ಪ್ಲೇಸ್‌ಹೋಲ್ಡರ್ (ಖಾಲಿ ಇದ್ದಾಗ ಕಾಣುವ ಸೂಚನೆ) ಮಾತ್ರ ನೋಡಿ ಬಿಡಬೇಡಿ. "ಕೃಷ್ಣಪ್ಪ" ಅಂತ ಕನ್ನಡ ಕೀಬೋರ್ಡ್‌ನಲ್ಲಿ ಟೈಪ್ ಮಾಡುತ್ತಾ ಒಂದೊಂದು ಅಕ್ಷರಕ್ಕೂ ನಿಂತು ನೋಡಿ. ವಟ್ರಸುಳಿ ಬಿದ್ದಾಗ, ಣಕಾರದ ಒತ್ತು ಬಿದ್ದಾಗ ಸಾಲು ಕುಪ್ಪಳಿಸಬಾರದು, ಕೆಳಗೆ ಕತ್ತರಿಸಲೂಬಾರದು. ಅಕ್ಷರದ ಗಾತ್ರ ದೊಡ್ಡದು ಮಾಡಿ ಇನ್ನೊಂದು ಸಲ ಅದನ್ನೇ ಮಾಡಿ.